ಗೋಣಿಚೀಲದ ಹಿಂದಿನ ಡ್ರಮ್ಮು

ಸರ್ಕಾರದ ಇಲಾಖೆಗಳು ಒಂದರ ಜೊತೆ ಇನ್ನೊಂದು ಮಾತಾಡುವುದಿಲ್ಲ ಎಂದು ಎಲ್ಲರೂ ಬೈಯುತ್ತಾರೆ. ನನಗೆ ಮಾತ್ರ ಅದರಿಂದ ಬಹಳ ಅನುಕೂಲವಾಗಿತ್ತು. ಬಿಸಿಲಿನ ಎಚ್ಚರಿಕೆ ಹೇಳುವವರು ಬಂದಾಗ ಹಿತ್ತಲಿನ ನೀಲಿ ಡ್ರಮ್ಮು ತೋರಿಸಿ, "ನೋಡಿ, ನೀರು ತುಂಬಿಟ್ಟಿದ್ದೇವೆ" ಎನ್ನುತ್ತಿದ್ದೆ. ಡೆಂಗಿಯವರು ಬಂದಾಗ ಅದೇ ಡ್ರಮ್ಮಿಗೆ ಗೋಣಿಚೀಲ ಅಡ್ಡ ಹಾಕಿ, ಬೋರಲು ಹಾಕಿದ ಬಕೆಟ್ಟುಗಳನ್ನು ತೋರಿಸುತ್ತಿದ್ದೆ. ಸುಳ್ಳೇನಲ್ಲ. ಕೇಳಿದ್ದಕ್ಕಷ್ಟೇ ಉತ್ತರ ಕೊಡಬೇಕೆಂದು ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದರು. ಅಲ್ಲದೆ ನಮ್ಮ ಹೊಸಪೇಟೆಯ ಬಿಸಿಲಿಗೆ ಹೋದ ವರ್ಷ ಅತ್ತೆ ತಲೆ ಸುತ್ತಿ ಬಿದ್ದಿದ್ದರು. ನಲ್ಲಿ ನೀರು ದಿನಾ ಬರುವುದಿಲ್ಲ. ಆ ಡ್ರಮ್ಮನ್ನು ಚೆಲ್ಲಿಸಿಬಿಟ್ಟರೆ ಅತ್ತೆಯ ಗತಿ?

ಈ ಬೇಸಿಗೆಯಲ್ಲಿ ಆಶಾ ಕಾರ್ಯಕರ್ತೆ ರೇಣುಕಮ್ಮ ಒಬ್ಬಳೇ ಬಂದಳು. ಕೈಯಲ್ಲಿ ಒಂದೇ ಫಾರಂ.

"ಅಕ್ಕಾರ, ಮ್ಯಾಗಿಂದ ಆರ್ಡರ್ ಬಂದೈತ್ರಿ. ಇನ್ಮುಂದ ಬಿಸಲೂ ನಾನ, ಸೊಳ್ಳೀನೂ ನಾನ."

ನನಗೆ ತಕ್ಷಣ ಅನುಮಾನ ಬಂತು. ಹತ್ತು ವರ್ಷ ಮುಖ ನೋಡದ ಓರಗಿತ್ತಿಯರು ದಿಢೀರನೆ ಒಂದೇ ತಟ್ಟೆಯಲ್ಲಿ ಉಂಡರೆ, ಮನೆಯಲ್ಲಿ ಏನೋ ಮಸಲತ್ತು ನಡೆದಿದೆ ಎಂದೇ ಅರ್ಥ. ಫಾರಮ್ಮಿನಲ್ಲಿ ಬಿಸಿಲಿನ ಪ್ರಶ್ನೆಯ ಕೆಳಗೇ ಸೊಳ್ಳೆಯ ಪ್ರಶ್ನೆ ಇದ್ದದ್ದನ್ನು ಓರೆಗಣ್ಣಿನಿಂದ ಗಮನಿಸಿದೆ.

"ವಯಸ್ಸಾದವ್ರು ಬಿಸಲಿಗೆ ಹೆಂಗ ತಡ್ಕೋತಾರ್ರಿ?"

"ಫ್ಯಾನ್ ಇದೆ" ಎಂದೆ.

ಒಳಗಿನಿಂದ ಅತ್ತೆಯ ದನಿ ಬಂತು. "ಫ್ಯಾನು ಬೆಂಕಿ ಉಗುಳ್ತೈತವ್ವಾ! ಹಿತ್ತಲದಾಗ ಗೋಣಿಚೀಲದ ಹಿಂದ ಡ್ರಮ್ ಐತಿ. ಅದ್ರಾಗ ಟವಲ್ ಅದ್ದಿ ತಲಿಮ್ಯಾಲೆ ಹಾಕ್ಕೋತೀನಿ. ಭಾಳ ತಂಪು."

ರೇಣುಕಮ್ಮ ಹಿತ್ತಲಿಗೆ ನಡೆದು, ಗೋಣಿಚೀಲ ಸರಿಸಿ ಮೊಬೈಲಿನ ಬೆಳಕು ಬಿಟ್ಟಳು. "ಅಯ್ಯಯ್ಯ, ಸೊಳ್ಳಿ ಮರಿಗಳು ಈಜು ಕಲಿಯಾಕತ್ಯಾವಲ್ರೀ!"

"ಎಂಟು ದಿನದಿಂದ ನೋಡಾಕತ್ತೀನಿ. ಸೊಸಿಗೆ ಗೊತ್ತಿರ್ತೈತಿ ಬಿಡು ಅಂತ ಸುಮ್ನಿದ್ದೆ" ಎಂದರು ಹಿಂದೆಯೇ ಬಂದ ಅತ್ತೆ.

"ಚೆಲ್ಲಿದರೆ ಅತ್ತೆಗೆ ನೀರು?" ನಾನು ಡ್ರಮ್ಮಿಗೆ ಅಡ್ಡ ನಿಂತೆ.

"ಚೆಲ್ಲಿ, ತಿಕ್ಕಿ ತೊಳೀರಿ. ನಾಳೆ ನಲ್ಲಿ ಬರ್ತೈತಿ, ತುಂಬ್ರಿ. ಬಾಯಿಗೆ ಹಳೇ ಸೀರಿ ಬಿಗೀರಿ. ಅವ್ವಾರಿಗೆ ತಂಪೂ ಆತು, ಸೊಳ್ಳಿಗೆ ಜಾಗಾನೂ ಇಲ್ಲ."

ಇಷ್ಟು ಸುಲಭವೇ? ನನಗೆ ಅನುಮಾನ ಇನ್ನೂ ಹೆಚ್ಚಾಯಿತು.

"ಕಡೀ ಪ್ರಶ್ನೆ. ಡ್ರಮ್ಮಿನ ಜವಾಬ್ದಾರಿ ಯಾರ್ದ್ರೀ?"

ನಾನು ಅತ್ತೆಯ ಕಡೆ ಬೆರಳು ತೋರಿಸಿದೆ. ಅದೇ ಗಳಿಗೆಯಲ್ಲಿ ಅತ್ತೆಯ ಬೆರಳು ನನ್ನ ಕಡೆಗಿತ್ತು. ರೇಣುಕಮ್ಮ ನಕ್ಕು ಇಬ್ಬರ ಹೆಸರನ್ನೂ ಬರೆದುಕೊಂಡಳು.

ಮರುದಿನ ನೀರು ಬಂತು. ಸ್ನಾನ ಮುಗಿಸಿ ಬಂದು ನೋಡಿದರೆ, ತುಂಬಿದ ಡ್ರಮ್ಮಿನ ಬಾಯಿಗೆ ನನ್ನ ಹೊಚ್ಚ ಹೊಸ ಕಾಟನ್ ಸೀರೆ! ಅತ್ತೆಯನ್ನು ಬೈಯುವಂತಿರಲಿಲ್ಲ. ಅವರು ಹಳೆಯ ಸೀರೆಗಳ ಗಂಟಿನಿಂದಲೇ ತೆಗೆದದ್ದು. ಅವರ ಕಣ್ಣಿಗೆ ಬೀಳಬಾರದೆಂದು ಅದನ್ನು ಆ ಗಂಟಿನಲ್ಲಿ ಬಚ್ಚಿಟ್ಟವಳು ನಾನೇ.