ಪಾರ್ಟೇ ಇಲ್ಲದ ಹುಡುಗಿ

ಒಬ್ಬ ಹುಡುಗಿಯ ಅಂದವನ್ನು ಇನ್ನೊಬ್ಬಳ ಅಂದದ ಪಕ್ಕ ಇಟ್ಟು ಮಾತಾಡಬಾರದು ಅಂತ ಎಂಥ ದಡ್ಡನಿಗೂ ಗೊತ್ತು. ನಾನು ಮಾತಾಡಿದೆ. ಅದೂ ಗುಟ್ಟಾಗಿ ಅಲ್ಲ. ರಾಬರ್ಟ್‌ಸನ್‌ಪೇಟೆಯಲ್ಲಿ, ತುಂಬಿದ ಹಾಲಿನಲ್ಲಿ, ಮೈಕಿನಲ್ಲಿ, ತಲೆಗೆ ಬಾಡಿಗೆ ಕಿರೀಟ ಇಟ್ಟುಕೊಂಡು.

ನಮ್ಮ ಸಂಘದವರು ಆಡಿದ್ದು ಕೊನೆಗೆ ಪ್ರೇಮಿಗಳು ಸಾಯುವ ಒಂದು ಹಳೇ ನಾಟಕ. ನಾನೇ ರಾಜಕುಮಾರ; ಬಾಡಿಗೆ ಡ್ರೆಸ್ಸು ನನ್ನೊಬ್ಬನ ಮೈಗೇ ಹಿಡಿಸಿದ್ದರಿಂದ ಈ ಮುಖಕ್ಕೆ ಆ ಪಾರ್ಟು ಸಿಕ್ಕಿತು. ರಾಜಕುಮಾರ ಮೊದಲು ಯಾರೋ ಒಬ್ಬಳಿಗಾಗಿ ಊಟ ಬಿಟ್ಟು ಅಳುತ್ತಿರುತ್ತಾನೆ. ಗೆಳೆಯ ಅವನನ್ನು ಒಂದು ಔತಣಕ್ಕೆ ಎಳೆದುಕೊಂಡು ಹೋಗುತ್ತಾನೆ. ಅಲ್ಲಿ ಇನ್ನೊಬ್ಬಳನ್ನು ಕಂಡದ್ದೇ ತಡ, ಮೊದಲಿನವಳು ಮರೆತೇ ಹೋಗುತ್ತಾಳೆ.

ನಮ್ಮ ಕಡೆ ನಾಯಕಿಯ ಪಾತ್ರಕ್ಕೆ ನಾಟಕ ಕಂಪನಿಯ ನಟಿಯನ್ನು ಕರೆಸುವುದು ರೂಢಿ. ಅವಳು ಬಂದಿಳಿಯುವುದು ನಾಟಕದ ದಿನವೇ. ಅಲ್ಲಿಯವರೆಗೆ ಎರಡು ತಿಂಗಳು ಪ್ರಾಕ್ಟೀಸಿನಲ್ಲಿ ನಾಯಕಿಯ ಮಾತನ್ನೆಲ್ಲ ಪುಸ್ತಕ ಹಿಡಿದು ಓದಿದವಳು ಮಂಜುಳಾ. ದಿನಾ ಬಂಗಾರಪೇಟೆಯಿಂದ ಬಂದು ಆಂಡರ್ಸನ್‌ಪೇಟೆಯಲ್ಲಿ ಬ್ಲೌಸ್ ಹೊಲಿಯುವವಳು, ನಾನು ಮದುವೆಯಾಗಬೇಕೆಂದಿದ್ದವಳು. ಒಂದು ದಿನ ಕೇಳಿದಳು, "ಅಲ್ಲ ಮುನ್ರಾಜು, ಆ ಮೊದಲ್ನೇ ಹುಡ್ಗಿ ಏನಾದ್ಳು?"

"ಯಾರಿಗ್ಗೊತ್ತು? ಅವ್ಳು ಸ್ಟೇಜಿಗೇ ಬರಲ್ಲ. ಪಾರ್ಟೇ ಇಲ್ಲ."

"ಪಾಪ," ಅಂದಳು. ನಾನು ನಕ್ಕೆ.

ಕಾಣದ ಆ ಹುಡುಗಿಯನ್ನು ತೋರಿಸಲು ನಾಟಕದ ಮೇಷ್ಟ್ರು ನನಗೆ ಹಾಲಿನಲ್ಲೊಂದು ಗುರುತು ಕೊಟ್ಟಿದ್ದರು: ಮೂರನೇ ಸಾಲು, ಬಲತುದಿಯ ಕುರ್ಚಿ. ಎರಡು ತಿಂಗಳು ಆ ಖಾಲಿ ಕುರ್ಚಿಗೇ ಬೆರಳು ತೋರಿಸಿದೆ. ನಾಟಕದ ಭಾನುವಾರ ಮಂಜುಳಾಳ ತಾಯಿ ನಾರಾಯಣಮ್ಮ ನನ್ನನ್ನು ನೋಡಲೆಂದೇ ಬರುವವರಿದ್ದರು. ಒಪ್ಪಿದರೆ ಮದುವೆ ಮಾತುಕತೆ. ತಾಯಿ ಮಗಳಿಗೆ ಒಳ್ಳೇ ಜಾಗ ಸಿಗಲಿ ಅಂತ ಬೆಳಿಗ್ಗೆಯೇ ಹೋಗಿ, ಬಸ್ಸಿನಲ್ಲಿ ಸೀಟು ಹಿಡಿದ ಹಾಗೆ, ಎರಡು ಕುರ್ಚಿಗೆ ಕರ್ಚೀಫು ಹಾಕಿ ಬಂದೆ. ಯಾವ ಕುರ್ಚಿ ಅಂತ ಬಿಡಿಸಿ ಹೇಳಬೇಕೇ?

ನಟಿ ಸ್ಟೇಜಿಗೆ ಬಂದಳು. ಶಿಳ್ಳೆ ಬಿತ್ತು. ನನಗೂ ಒಂದು ಬೇಕು ಅನ್ನಿಸಿತು. ಕಣ್ಣಿಗೆ ಲೈಟು ಬಡಿದು ಎದುರಿಗಿದ್ದವರು ಯಾರೂ ಕಾಣುತ್ತಿರಲಿಲ್ಲ. ಬೆರಳು ತಾನಾಗಿಯೇ ಮೂರನೇ ಸಾಲಿಗೆ ಹೋಯಿತು. ಬಾಯಿ ಪುಸ್ತಕದಲ್ಲಿಲ್ಲದ ಮಾತೊಂದನ್ನು ಸೇರಿಸಿತು: "ಇವಳು ಟ್ಯೂಬ್‌ಲೈಟು! ಅವಳೋ, ಸೀಮೆಎಣ್ಣೆ ಬುಡ್ಡಿ!"

ಶಿಳ್ಳೆಯೇನೋ ಬಿತ್ತು. ಹಾಲಿಗೆ ಹಾಲೇ ನನ್ನ ಬೆರಳು ಹೋದ ಕಡೆ ತಿರುಗಿತು. ಕೊನೇ ದೃಶ್ಯದಲ್ಲಿ ನಾನು ವಿಷ ಕುಡಿದು ಬಿದ್ದಾಗ ಲೈಟು ಇಳಿಸಿದರು. ಆಗ ಕಂಡಿತು, ಆ ಎರಡು ಕುರ್ಚಿ ಖಾಲಿ. ಮೇಲೆ ಕರ್ಚೀಫು ಮಾತ್ರ. ಹೆಣ ತಲೆಯೆತ್ತಿ ನೋಡಿತು. ಜನ ಅದಕ್ಕೂ ನಕ್ಕರು.

ಕಿರೀಟ ಸಮೇತ ಬಸ್‌ಸ್ಟ್ಯಾಂಡಿಗೆ ಓಡಿದೆ. ಭಾನುವಾರ ಬಸ್ಸು ಕಮ್ಮಿ, ಇನ್ನೂ ಹೊರಟಿರಲಿಲ್ಲ. ನಾರಾಯಣಮ್ಮ ಕಿಟಕಿಯಿಂದಲೇ ಅಂದರು, "ಓಗಪ್ಪಾ, ಆ ಟ್ಯೂಬ್‌ಲೈಟ್ ಅತ್ರಾನೇ ಓಗು. ನಮ್ಮನೇಲಿ ಕರೆಂಟೇ ಇರಲ್ಲ."

"ಮಂಜು, ಬೇಕಂತ ತೋರಿಸ್ಲಿಲ್ಲ ಕಣೆ. ಆ ಕುರ್ಚಿ ಕೈಗೆ ರೂಢಿ..."

"ಬೆರಳು ರೂಢಿ, ಸರಿ. ಬುಡ್ಡಿ? ಪುಸ್ತಕ ಎರಡ್ ತಿಂಗ್ಳು ನನ್ ಕೈಯಾಗೇ ಇತ್ತಲ್ಲ."

ಬಸ್ಸು ಅಲುಗಿತು. ಅವಳು ತಲೆ ಹೊರಗೆ ಹಾಕಿದಳು.

"ಆ ಮೊದಲ್ನೇ ಹುಡ್ಗಿ ಏನಾದ್ಳು ಅಂತ ಈಗ ಗೊತ್ತಾಯ್ತು ಮುನ್ರಾಜು. ನೀನು ವಿಷ ಕುಡ್ಯೋ ಹೊತ್ಗೆ ಅವ್ಳು ಮನೇಗೆ ಓಗಿ, ಉಂಡು, ನೆಮ್ಮದಿಯಾಗಿ ಮಲ್ಗಿದ್ಳು."