ಅಗರು ಬ್ಯಾಂಡಿಗೆ ನಾನು ಹಚ್ಚಿದ ಜನರೇಟರ್

ಚಿಂತೆ ಮಾಡುವುದರಲ್ಲಿ ನನ್ನಷ್ಟು ನುರಿತವನು ಸಿಂಧನೂರಿನಲ್ಲಿ ಮತ್ತೊಬ್ಬನಿಲ್ಲ ಎಂದು ಧೈರ್ಯವಾಗಿ ಹೇಳಬಲ್ಲೆ. ಮಳೆ ಬಂದರೆ ಅಂಗಳದ ಭತ್ತ ನೆನೆಯುವ ಚಿಂತೆ. ಬಾರದಿದ್ದರೆ ಅದೆಲ್ಲಿ ಹೋಯಿತೆಂಬ ಚಿಂತೆ. ತೊಂಬತ್ತರ ದಶಕದಲ್ಲಿ ಇವೆರಡೂ ಸಾಲದೆಂಬಂತೆ ನನ್ನ ಹೆಂಡತಿಯ ತಮ್ಮ ಮಲ್ಲೇಶಿ ಮೆಟಲ್ ಸಂಗೀತದ ಬ್ಯಾಂಡ್ ಕಟ್ಟಿದ. ಹೈದರಾಬಾದಿನಿಂದ ತಂದ ಹಳೆಯ ಗಿಟಾರು ಅವನದು, ಡ್ರಮ್ಮು ಬಂಗಾಳಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಬಿಮಲನದು. ಬ್ಯಾಂಡಿನ ಹೆಸರು ‘ಅಗರು’. ಬಿಮಲನ ಅಜ್ಜಿ ಬಿಟ್ಟುಬಂದ ಊರಿನಲ್ಲಿ ಆ ಸುಗಂಧದ ಮರಗಳಿದ್ದವಂತೆ. “ಗಾಯ ಆದ ಮರದಾಗಷ್ಟ ಪರಿಮಳ ಹುಟ್ಟತೈತಿ ಭಾವ” ಎಂದು ಮಲ್ಲೇಶಿ ವಿವರಿಸಿದ. ನಮ್ಮ ಕಿವಿಗಳಿಗೆ ಗಾಯವಾಗಿದ್ದಂತೂ ನಿಜ, ಪರಿಮಳಕ್ಕಾಗಿ ಕಾಯುತ್ತಿದ್ದೆವು.

ಅವರ ಹಾಡು ಊದಿನಕಡ್ಡಿಯ ಹೊಗೆಯಂತೆ ನಿಧಾನವಾಗಿ ಏಳುತ್ತಿತ್ತು, ಸುಳಿಯುತ್ತಿತ್ತು, ಮನೆ ತುಂಬುತ್ತಿತ್ತು. ಆಮೇಲೆ ಮಲ್ಲೇಶಿ ಗಂಟಲಲ್ಲಿ ಮುಳ್ಳು ಸಿಕ್ಕವನಂತೆ ಗರ್ಜಿಸುತ್ತಿದ್ದ. ಓಣಿಯವರು ಜಗಳಕ್ಕೆ ಬರುವ ಮೊದಲೇ ನಾನು ಹೆದರಿ, ನಾನು ಸೂಪರ್‌ವೈಸರ್ ಆಗಿದ್ದ ಅಕ್ಕಿ ಗಿರಣಿಯ ಖಾಲಿ ಗೋದಾಮನ್ನು ಅಭ್ಯಾಸಕ್ಕೆ ಕೊಡಿಸಿದೆ. ಗಿರಣಿಯ ದಡಬಡದಲ್ಲಿ ಇವರದು ಯಾರಿಗೆ ಕೇಳಬೇಕು?

ಅಷ್ಟರಲ್ಲಿ ಗುರುಗುಂಟಾದ ಕುರಿ ಸಾಕುವ ಹನುಮಪ್ಪನ ಮಗಳು ಮಲ್ಲೇಶಿಯನ್ನು ಮೆಚ್ಚಿದಳು. ಇವನಂತೂ ಮದುವೆಯಾದರೆ ಅವಳನ್ನೇ ಎಂದು ಕೂತ. ಹನುಮಪ್ಪ ಮಾತ್ರ, “ಮಗಳು ಒಪ್ಪ್ಯಾಳ. ಆದ್ರ ಇವರ ಗದ್ದಲ ನಾ ಒಮ್ಮೆ ಕೇಳಬೇಕ್ರೀ. ಲಿಂಗಸೂಗೂರಾಗ ಬಾರಿಸ್ತಾರಂತಲ್ಲ, ಅಲ್ಲಿಗೆ ಬರ್ತೀನಿ. ಆಮ್ಯಾಲ ಮಾತು” ಎಂದುಬಿಟ್ಟ.

ಲಿಂಗಸೂಗೂರಿನಲ್ಲಿ ಕರೆಂಟ್ ಹೋದರೆ? ಬಾಡಿಗೆಗೆ ಡೀಸೆಲ್ ಜನರೇಟರ್ ತರಿಸಿದೆ. ಅದರ ಸದ್ದಿಗೆ ಹಾಡು ಕೆಟ್ಟರೆ? ಉದ್ದ ವೈರು ಎಳೆಸಿ, ಅದನ್ನು ದೂರದ ಕಾಂಪೌಂಡಿನಾಚೆ ನಿಲ್ಲಿಸಿದೆ. ಇಷ್ಟು ಮುಂದಾಲೋಚನೆ ಯಾರಿಗಿದೆ ಎಂದು ಮನಸ್ಸಿನಲ್ಲೇ ಬೆನ್ನು ತಟ್ಟಿಕೊಂಡೆ.

ಸಂಜೆ ಕರೆಂಟ್ ಇರುವಾಗಲೇ ಹಾಡು ಶುರುವಾಯಿತು. ಗಿಟಾರು ಒಂದು ಕಡೆ, ಡ್ರಮ್ಮು ಇನ್ನೊಂದು ಕಡೆ ಹೋದವು. ನಿಲ್ಲಿಸಿ ಮತ್ತೆ ಶುರು ಮಾಡಿದರು, ಮತ್ತೆ ಅದೇ. ಹಿಂದಿನಿಂದ ಯಾರೋ, “ಸಾಕ್ ಬಿಡ್ರಪಾ, ಜಗಳ ಮನಿಯಾಗ ಮಾಡ್ರಿ” ಎಂದರು. ಮೊದಲ ಸಾಲಿನಲ್ಲಿದ್ದ ಹನುಮಪ್ಪ ಏಳಲು ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡ. ನಾನು ವೇದಿಕೆಯ ಹಿಂದೆ ಓಡಿದೆ.

ಬಿಮಲ ಬಾಗಿ ಹೇಳಿದ: “ಅಣ್ಣಾ, ಇಲ್ಲಿ ಗಿರಣಿ ಇಲ್ಲಲ್ರೀ. ತಾಳ ಎಲ್ಲಿ ಹಿಡೀಲಿ?”

ಆಗ ಹೊಳೆಯಿತು. ಇವರು ಇಷ್ಟು ದಿನ ಗಿರಣಿಯ ಬಡಿತಕ್ಕೇ ಹಾಡು ಕಟ್ಟಿದ್ದರು. ಇವರಿಗೆ ಆ ಚಟ ಹಿಡಿಸಿದವನು ನಾನೇ. ಈಗ ದಡಬಡವೆನ್ನುವ ಒಂದೇ ಒಂದು ಯಂತ್ರವನ್ನು ಗೋಡೆಯಾಚೆ ಬಚ್ಚಿಟ್ಟವನೂ ನಾನೇ. ಸಿಕ್ಕವರನ್ನೆಲ್ಲ ಕರೆದು ಜನರೇಟರಿನ ಗಾಡಿಯನ್ನು ವೇದಿಕೆಯ ಬೆನ್ನಿಗೇ ನೂಕಿಸಿ ಚಾಲೂ ಮಾಡಿಸಿದೆ. ಬಿಮಲ ಕಣ್ಣು ಮುಚ್ಚಿದ. ಹಾಡು ಹೊಗೆಯಂತೆ ಎದ್ದಿತು, ಹನುಮಪ್ಪ ಕೂತ.

ಮುಗಿದ ಮೇಲೆ ಹನುಮಪ್ಪ ನನ್ನ ಬಳಿ ಬಂದು, “ಒಂದು ಮಾತೂ ತಿಳೀಲಿಲ್ರೀ. ಆದ್ರ ಹಿಂಡು ಗುಡ್ಡ ಇಳಿಯೋವಾಗ ಹಿಂಗ ನೆಲ ನಡುಗತೈತಿ. ಮದುವಿ ಮೂರ್ತ ನೋಡ್ರಿ” ಎಂದ.

ಮದುವೆ ಮಸ್ಕಿಯಲ್ಲಾಯಿತು. ಈ ಸಲ ನಾನು ಪಾಠ ಕಲಿತಿದ್ದೆ: ಜನರೇಟರನ್ನು ಹಂದರಕ್ಕೆ ತಾಗಿಸಿಯೇ ನಿಲ್ಲಿಸಿದ್ದೆ. “ಯಜಮಾನ್ರ, ನನ್ನ ಮಂತ್ರ ನನಗ ಕೇಳವಲ್ದು, ಅದನ್ನ ಆಚಿ ಸರಸ್ರಿ” ಎಂದರು ಅಯ್ಯನವರು. “ಸರಸಿದ್ರ ಮದುಮಗನ ತಾಳ ತಪ್ಪತೈತ್ರೀ” ಎಂದು ನಾನು ಜಗ್ಗಲಿಲ್ಲ.

ಅಂದು ಮಸ್ಕಿಯಲ್ಲಿ ಕರೆಂಟ್ ಹೋಗಿರಲೇ ಇಲ್ಲ ಎಂಬುದನ್ನು ನನ್ನ ಹೆಂಡತಿ ಈಗಲೂ ಬಂದವರಿಗೆಲ್ಲ ಹೇಳುತ್ತಾಳೆ.