ಎರಡು ಗಂಟೆಯ ಮಗ್ಗ

ಶನಿವಾರ ಬೆಳಗ್ಗೆ ಒಂಬತ್ತಕ್ಕೆ ಸರಿಯಾಗಿ ಈರೇಶನ ವ್ಯಾನು ಗ್ಯಾರೇಜಿನಿಂದ ಹಿಂದಕ್ಕೆ ಸರಿಯಿತು. ಒಂಬತ್ತು ದಾಟಿ ಒಂದು ನಿಮಿಷಕ್ಕೆ, ಅಂಗಳದಲ್ಲಿ ಎಲೆ ಗುಡಿಸುತ್ತಿದ್ದ ಪಕ್ಕದ ಮನೆಯ ಅಮೆರಿಕನ್ ಮುದುಕ ಕೈ ನಿಲ್ಲಿಸಿ, ಬಹಳ ಅಕ್ಕರೆಯಿಂದ, "ಎಲ್ಲಿಗೆ ಹೊರಟಿರಿ?" ಎಂದು ಕೇಳಿಬಿಟ್ಟ.

ಪಾಪ, ಅವನದೇನೂ ತಪ್ಪಿಲ್ಲ. ಅವನ ಸೀಮೆಯಲ್ಲಿ ಅದು ಕುಶಲ ವಿಚಾರಿಸುವ ರೀತಿ. ಆದರೆ ಹಿಂದಿನ ಸೀಟಿನಲ್ಲಿದ್ದ ಈರೇಶನ ಅತ್ತೆ ಇಂದುಮತಿಯ ಸೀಮೆ ಇಳಕಲ್ಲು. ಮನೆ ಬಿಟ್ಟು ಹೊರಟವರನ್ನು "ಎಲ್ಲಿಗೆ" ಎಂದು ಕೇಳಿದರೆ ಹೋದ ಕೆಲಸ ಕೈಗೂಡುವುದಿಲ್ಲ ಎಂಬುದು ಅಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ತಿಳಿಯಲೇಬೇಕೆಂದರೆ "ದೂರಾನ?" ಅನ್ನಬೇಕು. ಇಷ್ಟವಿದ್ದರೆ ಹೋಗುವವರೇ ಊರ ಹೆಸರು ಹೇಳುತ್ತಾರೆ, ಇಲ್ಲದಿದ್ದರೆ ಹೂಂ ಅಂದು ಮುಂದೆ ಸಾಗುತ್ತಾರೆ. ಅಮೆರಿಕಕ್ಕೆ, ಮಗಳ ಮನೆಗೆ ಬಂದ ನಾಲ್ಕು ತಿಂಗಳಲ್ಲಿ ಇಂದುಮತಿ ಹೆಚ್ಚು ಇಂಗ್ಲಿಷ್ ಕಲಿತಿರಲಿಲ್ಲ. ಈ ಒಂದು ಪ್ರಶ್ನೆಯನ್ನು ಮಾತ್ರ ನೂರು ಗಜ ದೂರದಿಂದ ಗುರುತು ಹಿಡಿಯುತ್ತಿದ್ದಳು.

"ಈರೇಶಪ್ಪ, ಗಾಡಿ ಹಿಂದಕ್ಕ ತಗೊಳ್ರಿ. ಒಳಗ ಹೋಗಿ, ಒಂದೀಟು ಕುಂತು, ನೀರು ಕುಡದು ಹೊಂಡೂನು."

"ಅತ್ತಿ, ಅಂವ ಅಮೆರಿಕದಾಂವ. ಅವನ ಮಾತು ನಮಗೆಲ್ಲೆ ಹತ್ತತದ?"

"ಬಾಯಿ ಯಾರದಾದ್ರೇನು, ಕೇಳಿದ್ದು ಕೇಳಿಧಂಗ."

ಈರೇಶ ಹೆಂಡತಿ ಜಯದೇವಿಯ ಮುಖ ನೋಡಿದ. ಅವಳು ಗಡಿಯಾರ ನೋಡಿದಳು, ತಾಯಿಯನ್ನು ನೋಡಿದಳು, "ಲಗೂನ ಕುಡದು ಬರೂನು ನಡೀರಿ" ಎಂದು ತಾನೇ ಮೊದಲು ಇಳಿದಳು.

ಈರೇಶ ಎಂಜಿನ್ ಆರಿಸಿದ. ಬೋಲಿಂಗ್‌ಬ್ರೂಕ್‌ನ ದೊಡ್ಡ ಗೋದಾಮೊಂದರಲ್ಲಿ ಟ್ರಕ್ಕುಗಳಿಗೆ ದಾರಿಯನ್ನೂ ಹೊತ್ತನ್ನೂ ಗೊತ್ತುಮಾಡುವುದು ಅವನ ಕೆಲಸ. ದಿನಕ್ಕೆ ನೂರ ನಲವತ್ತು ಟ್ರಕ್ಕು ಅವನು ಹೇಳಿದ ಗಳಿಗೆಗೆ ಹೊರಟು ಅವನು ಹೇಳಿದ ಗಳಿಗೆಗೆ ಮುಟ್ಟುತ್ತಿದ್ದವು. ಅವನ ಮಾತು ಕೇಳದೆ ಉಳಿದದ್ದು ಸ್ವಂತ ವ್ಯಾನು ಒಂದೇ. ಹಾರ್ಟ್‌ವೆಲ್ ಎಂಬ ಊರಿಗೆ ಅದು ಈವರೆಗೆ ಮೂರು ಸಲ ಹೊರಟು ಮೂರು ಸಲವೂ ಮುಟ್ಟಿರಲಿಲ್ಲ. ಒಮ್ಮೆ ಯಾರನ್ನೋ ಏರ್‌ಪೋರ್ಟಿನಿಂದ ಕರೆತರುವುದು ಅಡ್ಡ ಬಂತು, ಒಮ್ಮೆ ಯಾರದೋ ಗೃಹಪ್ರವೇಶ, ಇನ್ನೊಮ್ಮೆ ಅರ್ಧ ದಾರಿಯಲ್ಲಿ ಟೈರು ಕೈಕೊಟ್ಟಿತು.

ಹಾರ್ಟ್‌ವೆಲ್ ತೊಂಬತ್ತು ಮೈಲಿ ದೂರದ ಪುಟ್ಟ ಊರು. ಸುತ್ತ ಹುಲ್ಲುಗಾವಲು, ಮೆಕ್ಕೆಜೋಳದ ಹೊಲ. ನಡುವೆ ಇಟ್ಟಿಗೆ ಹಾಸಿದ ಒಂದೇ ಬೀದಿ. ಆ ಬೀದಿಯಲ್ಲಿ ಚಿತ್ರಗಳ ಗ್ಯಾಲರಿ, ಹಳೆಯ ಸಾಮಾನಿನ ಅಂಗಡಿ, ಕುಂಬಾರಿಕೆಯ ಶೆಡ್ಡು, ಆಪಲ್ ಪೈ ಮಾರುವ ಹೋಟೆಲು, ಕೊನೆಗೊಂದು ಕೈಮಗ್ಗದ ಅಂಗಡಿ. ಜಯದೇವಿ ಇಳಕಲ್ಲಿನ ನೇಕಾರರ ಮನೆಯ ಮಗಳು. ಮದುವೆಯಾಗಿ ಇಲ್ಲಿಗೆ ಬಂದ ಒಂಬತ್ತು ವರ್ಷದಲ್ಲಿ ಅವಳು ಮಗ್ಗ ಎಂಬುದನ್ನು ಕಣ್ಣಿಂದಲೂ ಕಂಡಿರಲಿಲ್ಲ. ಮಗ್ಗದ ಅಂಗಡಿಯವರು ಜನರಿಗೆ ನೇಯ್ದು ತೋರಿಸುವ ಕಾರ್ಯಕ್ರಮ ತಿಂಗಳಿಗೊಮ್ಮೆ, ಮಧ್ಯಾಹ್ನ ಎರಡಕ್ಕೆ. ಆ ವರ್ಷದ ಕೊನೆಯದು ಇವತ್ತು, ಎರಡು ಸಾವಿರದ ಮೂರರ ಅಕ್ಟೋಬರ್ ಇಪ್ಪತ್ತೈದು.

ಹೀಗಾಗಿ ಈರೇಶ ಹೆಂಡತಿಯೊಂದಿಗೆ ಒಂದು ಕರಾರು ಮಾಡಿಕೊಂಡಿದ್ದ. "ಈ ಸಲ ಕರಕೊಂಡು ಹೋಗೇ ಹೋಗ್ತೀನಿ. ಆಕಾಶ ಕಳಚಿ ಬಿದ್ರೂ ಹೋಗ್ತೀನಿ. ಆದ್ರ ಅದಾದ ಮ್ಯಾಲೆ ನವೆಂಬರಿಂದ ಮಾರ್ಚ್ ತನಕ ನನ್ನ ಶನಿವಾರಕ್ಕ ಯಾರೂ ಕೈ ಹಚ್ಚಬಾರದು. ಹತ್ತರ ತನಕ ಮಲಗ್ತೀನಿ, ಎದ್ದು ಸೋಫಾದ ಮ್ಯಾಲೆ ಮಲಗ್ತೀನಿ." ಜಯದೇವಿ ಒಂದು ಮಾತೂ ಚೌಕಾಸಿ ಮಾಡದೆ ಹೂಂ ಅಂದಿದ್ದಳು. ಆ ಶನಿವಾರಗಳನ್ನು ನೆನೆದೇ ಈರೇಶ ಇಡೀ ವಾರ ಕೂತು ಯೋಜನೆ ಬರೆದ: ಗ್ಯಾಲರಿಗೆ ನಲವತ್ತೈದು ನಿಮಿಷ, ಹಳೆಯ ಸಾಮಾನಿಗೆ ಒಂದು ಗಂಟೆ, ಪೈಗೆ ಇಪ್ಪತ್ತೈದು, ಅತ್ತೆಯ ಬಾತ್‌ರೂಮಿಗೆ ಎಂಟೆಂಟು ನಿಮಿಷದಂತೆ ಮೂರು ಸಲ.

ನೀರು ಕುಡಿದು ಹೊರಟಾಗ ಒಂಬತ್ತೂಕಾಲು. ಎರಡು ಮೈಲಿ ಹೋಗಿ ಗ್ಯಾಸ್ ಸ್ಟೇಷನ್ನಿನಲ್ಲಿ ನಿಲ್ಲಿಸಿದ. ಪಕ್ಕದ ಪಂಪಿನಲ್ಲಿದ್ದವನು ಇಂದುಮತಿಯ ಕೆಂಪು ಸೆರಗಿನ ಸೀರೆ ಕಂಡು ಸಂತೋಷಗೊಂಡು, ಕಿಟಕಿಯ ಹತ್ತಿರವೇ ಬಗ್ಗಿ ಕೇಳಿದ. "ಇಷ್ಟು ಚೆಂದ ಉಟ್ಟುಕೊಂಡು ಎಲ್ಲಿಗೆ ಹೊರಟಿರಿ?"

"ಈರೇಶಪ್ಪ," ಎಂದಳು ಇಂದುಮತಿ.

"ಇಲ್ಲೇ ಅಂಗಡ್ಯಾಗ ಕುಂತು ನೀರು ಕುಡಿಯೂಣು ಅತ್ತಿ. ಬಾಟಲಿ ತರ್ತೀನಿ."

"ಇದೇನು ನಿಮ್ಮ ಮನಿಯ ಹೊಸ್ತಲೇನು? ಹೊಸ್ತಲ ದಾಟಿ ಒಳಗ ಹೋಗಬೇಕು."

ಮತ್ತೆ ಎರಡು ಮೈಲಿ ಹಿಂದೆ. ಮತ್ತೆ ಹೊಸ್ತಿಲು, ಕುರ್ಚಿ, ನೀರು. ಕುಡಿದ ನೀರು ತನ್ನ ಕೆಲಸ ತಾನು ಮಾಡಿದ್ದರಿಂದ ಬಾತ್‌ರೂಮಿನ ಮುಂದೆ ಸಾಲು. ಹತ್ತೂಮುಕ್ಕಾಲಿಗೆ ಮೂರನೆಯ ಸಲ ಹೊರಬಿದ್ದಾಗ, ಇನ್ನು ಯಾವ ಅಮೆರಿಕನ್ನನ ಕಣ್ಣಿಗೂ ಬೀಳಬಾರದೆಂದು ಈರೇಶ ಕಿಟಕಿಗಳನ್ನೆಲ್ಲ ಏರಿಸಿದ. ಡ್ರೈವ್‌ವೇ ತುದಿಯಲ್ಲಿ ಮೈಸೂರಿನ ಉಪೇಂದ್ರ ಅಂಕಲ್ ಮತ್ತು ಅವರ ಹೆಂಡತಿ ಪದ್ಮಜಾ ಆಂಟಿ ನಿಂತಿದ್ದರು. ಎದುರು ಮನೆಯವರು. ಗಾಡಿ ನಿಲ್ಲಿಸದೆ ವಿಧಿಯಿರಲಿಲ್ಲ.

ಉಪೇಂದ್ರ ಬಗ್ಗಿ ನೋಡಿ, ನಗುತ್ತಾ, "ಏನಪ್ಪಾ, ದೂರಾನಾ?" ಎಂದರು.

ಇಂದುಮತಿಯ ಮುಖ ಅರಳಿತು. "ನೋಡ್ರಿ, ತಿಳದವರಂದ್ರ ಹೀಂಗಿರಬೇಕು. ಹೂಂನ್ರಿ, ಒಂದೀಟು ದೂರ. ನೀವೂ ಬರ್ರಿ, ಗಾಡ್ಯಾಗ ಜಾಗ ಬೇಕಾದಷ್ಟೈತಿ."

ಅವರು ಬರಲೆಂದೇ ನಿಂತಿದ್ದರು. ಭಾರತದ ದಿನಸಿ ಅಂಗಡಿಗಳಿರುವ ಡೆವನ್ ಅವೆನ್ಯೂನಲ್ಲಿ ಪಾರ್ಕಿಂಗ್ ಸಿಗುವುದು ಕಷ್ಟ. ಅದಕ್ಕೆ ಶನಿವಾರ ಈರೇಶನ ಬೀದಿಯಲ್ಲಿ ಯಾರ ವ್ಯಾನು ಹೊರಟರೂ ಉಳಿದವರು ಚೀಲ ಹಿಡಿದು ಹತ್ತಿಕೊಂಡು ದಿನಸಿಗೆ ಹೋಗಿಬರುವುದು ವರ್ಷಗಳ ರೂಢಿ. ಪದ್ಮಜಾ ಆರು ಖಾಲಿ ಚೀಲ, ಒಂದು ಐಸ್ ಪೆಟ್ಟಿಗೆಯೊಂದಿಗೆ ಹತ್ತಿ ಕೂತರು. ಗಡಿಬಿಡಿಯಲ್ಲಿದ್ದ ಈರೇಶನಿಗೆ ಈ ರೂಢಿ ನೆನಪಿಗೆ ಬರಲಿಲ್ಲ. ಇವರಿಗೂ ಕಲೆಯ ಹುಚ್ಚಿದೆ ಅಂದುಕೊಂಡ. ಹಳೆಯ ಸಾಮಾನಿಗೆ ಚೀಲ ಸರಿ, ಐಸ್ ಪೆಟ್ಟಿಗೆ ಯಾತಕ್ಕೆಂದು ಮಾತ್ರ ತಿಳಿಯಲಿಲ್ಲ.

"ಸಂಜೆ ಹನ್ನೆರಡು ಜನ ಊಟಕ್ಕೆ ಬರ್ತಾರೆ," ಎಂದರು ಪದ್ಮಜಾ. "ಆರು ಗಂಟೆಗೆ ಮನೇಲಿರ್ಬೇಕು ಕಣಪ್ಪ."

"ಆರಕ್ಕ ಕರೆಕ್ಟ್ ಮುಟ್ಟಿಸ್ತೀನಿ ಆಂಟಿ," ಎಂದ ಈರೇಶ. ಯೋಜನೆಯಲ್ಲಿ ಹಾಗೇ ಇತ್ತು.

ಹೈವೇ ಹತ್ತಿ ಅರ್ಧ ಗಂಟೆಗೆ ಮನೆಗಳು ಮುಗಿದವು. ಒಂದು ಗಂಟೆಗೆ ಮರಗಳೂ ಮುಗಿದು, ಎರಡೂ ಕಡೆ ಕೊಯ್ಲಿಗೆ ಬಂದ ಹೊಲವೇ ಹೊಲ. ಉಪೇಂದ್ರ ಕನ್ನಡಕ ಒರೆಸಿಕೊಂಡು ಹೊರಗೆ ನೋಡಿದರು. ಬಾಯಿ ತೆರೆದರು, ಇಂದುಮತಿಯನ್ನು ಕಂಡು ಮುಚ್ಚಿದರು. ಆಮೇಲೆ ಹೆಂಡತಿಗೆ ಮೆಲ್ಲಗೆ, "ಎಲ್ಲೋ ರೋಡ್ ರಿಪೇರಿ ಇರ್ಬೇಕು, ಸುತ್ತು ದಾರಿ ಕೊಟ್ಟಿದಾರೆ" ಎಂದರು.

"ಇಷ್ಟೊಂದು ಸುತ್ತಾ?"

"ಸುಮ್ನಿರು. ದಿನಾ ಟ್ರಕ್ ಓಡಿಸೋರಿಗೆ ದಾರಿ ಹೇಳೋ ಹುಡುಗ ಅವನು."

ಈ ಹೊಗಳಿಕೆಯಷ್ಟೇ ಕಿವಿಗೆ ಬಿದ್ದು ಈರೇಶನಿಗೆ ಉತ್ಸಾಹ ಬಂತು. ಹೆಚ್ಚು ಹೊತ್ತು ಅದು ಉಳಿಯಲಿಲ್ಲ. ಪದ್ಮಜಾಗೆ ತಲೆ ಸುತ್ತಿತೆಂದು ಒಂದು ಕಡೆ ನಿಲ್ಲಿಸಬೇಕಾಯಿತು, ಇಂದುಮತಿಗೆ ಚಹಾ ಬೇಕೆಂದು ಇನ್ನೊಂದು ಕಡೆ. ಎರಡು ಕಡೆಯೂ ಈರೇಶ ಕಾವಲುಗಾರನಂತೆ ಅತ್ತೆಯ ಪಕ್ಕದಲ್ಲೇ ನಿಂತು, ನಗುಮುಖದ ಅಮೆರಿಕನ್ನರು ಹತ್ತಿರ ಬಂದಾಗಲೆಲ್ಲ ಅವರು ಬಾಯಿ ತೆರೆಯುವ ಮುಂಚೆ ಹವಾಮಾನದ ಮಾತು ತೆಗೆದ. ಹೈವೇ ಇಳಿದು ಸಣ್ಣ ರಸ್ತೆ ಹಿಡಿದರೆ, ಎದುರಿಗೆ ರಸ್ತೆಯ ಅಗಲಕ್ಕೂ ತುಂಬಿಕೊಂಡ ಒಂದು ಕೊಯ್ಲಿನ ಯಂತ್ರ. ಅದರ ವೇಗ ಗಂಟೆಗೆ ಹದಿನೈದು ಮೈಲಿ.

ಗಡಿಯಾರ ಒಂದೂಕಾಲು ತೋರಿಸುತ್ತಿತ್ತು. ಈರೇಶ ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು ಇನ್ನೊಂದರಿಂದ ಯೋಜನೆಯ ಕಾಗದವನ್ನು ಹೆಂಡತಿಗೆ ಕೊಟ್ಟ. "ಗ್ಯಾಲರಿ ಹೊಡದು ಹಾಕು. ಹಳೇ ಸಾಮಾನನೂ ಹೊಡದು ಹಾಕು."

"ಹಾಕಿದೆ."

"ಪೈ?" ಅವನ ದನಿ ಸ್ವಲ್ಪ ಇಳಿಯಿತು.

"ಅದೂ ಹೋತು. ಎರಡಕ್ಕ ಮುಟ್ಟಿದ್ರ ಸಾಕ್ರಿ. ಮತ್ತೇನೂ ಬ್ಯಾಡ ನನಗ." ಜಯದೇವಿಯ ಬೆರಳುಗಳು ಮಡಿಲಲ್ಲಿದ್ದ ಕಾಗದದ ಅಂಚನ್ನು ಮತ್ತೆ ಮತ್ತೆ ಮಡಚಿ ಬಿಚ್ಚುತ್ತಿದ್ದವು. ಅದನ್ನು ಕಂಡು ಈರೇಶನಿಗೆ ತನ್ನ ಮೇಲೇ ಸಿಟ್ಟು ಬಂತು. ಮಗ್ಗವನ್ನು ಬರೀ ನೋಡಲು ಇವಳು ಇಷ್ಟು ಆಸೆಪಟ್ಟರೆ, ಮೂರು ಸಲ ತಪ್ಪಿಸಿದ ತಾನು ಎಂಥ ಗಂಡ. ಹಲ್ಲು ಕಚ್ಚಿಕೊಂಡು ಹಾರ್ನ್ ಒತ್ತಿದ. ಯಂತ್ರದ ಮೇಲಿದ್ದ ರೈತ ತಿರುಗಿ ನೋಡಿ, ಸ್ನೇಹದಿಂದ ಕೈ ಬೀಸಿ, ಅದೇ ವೇಗದಲ್ಲಿ ಮುಂದೆ ಸಾಗಿದ.

ಎರಡಕ್ಕೆ ಎಂಟು ನಿಮಿಷವಿದ್ದಾಗ ವ್ಯಾನು ಹಾರ್ಟ್‌ವೆಲ್‌ನ ಇಟ್ಟಿಗೆ ಬೀದಿಯಲ್ಲಿ ನಿಂತಿತು. ಪದ್ಮಜಾ ಆರು ಚೀಲ ಹಿಡಿದು ಇಳಿದರು. ಎಡಕ್ಕೆ ನೋಡಿದರು, ಕುಂಬಾರಿಕೆ. ಬಲಕ್ಕೆ ನೋಡಿದರು, ಕಿಟಕಿಯಲ್ಲಿ ಒಂದು ಹಸುವಿನ ಚಿತ್ರ.

"ಇದು ಡೆವನ್ ಅಲ್ಲ," ಎಂದರು.

"ಡೆವನ್ ಯಾಕ ಆಗತದ ಆಂಟಿ, ಇದು ಹಾರ್ಟ್‌ವೆಲ್," ಎಂದ ಈರೇಶ.

"ನಂಗೆ ಆಗಲೇ ಅನುಮಾನ ಬಂದಿತ್ತು," ಎಂದರು ಉಪೇಂದ್ರ.

"ಬಂದಿದ್ರೆ ಕೇಳೋದಲ್ವಾ?"

"ಹೊರಟೋರನ್ನ ಎಲ್ಲಿಗೆ ಅಂತ ಕೇಳೋದುಂಟೇನೇ? ಅದೂ ದೊಡ್ಡೋರು ಕೂತಿರುವಾಗ?" ಇಂದುಮತಿ ಈ ಮಾತಿಗೆ ತಲೆದೂಗಿದಳು.

ಪದ್ಮಜಾ ಈರೇಶನ ಕಡೆ ತಿರುಗಿದರು. "ಹನ್ನೆರಡು ಜನಕ್ಕೆ ನಾನೇನು ಬಡಿಸ್ಲಿ? ಬದನೆಕಾಯಿ ಇಲ್ಲ, ಮೊಸರಿಲ್ಲ. ಗಾಡಿ ತಿರುಗಿಸಪ್ಪ, ಈಗಲೇ ಹೊರಟ್ರೆ ಡೆವನ್ ಮುಗಿಸ್ಕೊಂಡು ಹೋಗ್ಬಹುದು."

ಈರೇಶ ದೊಡ್ಡವರಿಗೆ ಎದುರು ಮಾತಾಡಿದವನಲ್ಲ. ಮೂರರಲ್ಲಿ ಎರಡು ಸಲ ಈ ಊರು ತಪ್ಪಿದ್ದು ಕೂಡ ಯಾರಿಗೋ ಆಗುವುದಿಲ್ಲ ಅನ್ನಲಾರದೆಯೇ. ಆದರೆ ಇವತ್ತು ಅವನು ಗಟ್ಟಿ ಮನಸ್ಸು ಮಾಡಿದ್ದ.

"ಆಂಟಿ, ಎರಡು ಗಂಟೆಗೆ ನನ್ನ ಹೆಂಡ್ತಿ ಆ ಬಾಗಲದ ಒಳಗಿರತಾಳ. ಆಮ್ಯಾಲೆ ಬೇಕಾದ್ರ ನಿಮ್ಮನ್ನ ಮೈಸೂರಿಗೆ ಬಿಟ್ಟು ಬಾ ಅನ್ರಿ, ಬಿಟ್ಟು ಬರ್ತೀನಿ."

ಈರೇಶ ಹೆಂಡತಿಯ ಕೈ ಹಿಡಿದು ಬೀದಿ ದಾಟಿ, ಮಗ್ಗದ ಅಂಗಡಿಯ ಬಾಗಿಲು ತಳ್ಳಿದಾಗ ಎರಡಕ್ಕೆ ಇನ್ನೂ ಎರಡು ನಿಮಿಷವಿತ್ತು. ಒಳಗೆ ಇಪ್ಪತ್ತು ಕುರ್ಚಿ, ಊರಿನ ಬಿಳಿಕೂದಲಿನ ಹೆಂಗಸರು ಗಂಡಸರು ಆಗಲೇ ಕೂತಿದ್ದರು. ಮುಂದೆ ಮರದ ದೊಡ್ಡ ಮಗ್ಗ, ಹಾಸು ಹೂಡಿ ಸಿದ್ಧವಾಗಿತ್ತು. ಈರೇಶ ಮುಂದಿನ ಸಾಲಿನಲ್ಲಿ ಎರಡು ಕುರ್ಚಿ ಹಿಡಿದು, "ಜಯಾ, ಇಲ್ಲೆ ಬಾ, ಚಂದ ಕಾಣತದ" ಎಂದು ಕರೆದ.

ಜಯದೇವಿ ಬರಲಿಲ್ಲ. ಅಂಗಡಿಯ ಒಡತಿ, ಎತ್ತರದ ಮುದುಕಿ, ಓಡಿಬಂದು ಅವಳನ್ನು ತಬ್ಬಿಕೊಂಡು, "ಅಂತೂ ಬಂದೆಯಲ್ಲ, ನಾಲ್ಕನೇ ಸಲಕ್ಕಾದರೂ" ಎಂದಳು. ಆಮೇಲೆ ಸಭೆಯ ಕಡೆ ತಿರುಗಿ, ಇವತ್ತು ನೇಯ್ದು ತೋರಿಸುವವಳು ಇವಳೇ ಎಂದು ಪರಿಚಯ ಹೇಳಿದಳು. ಈರೇಶ ಹಿಡಿದಿದ್ದ ಎರಡನೆಯ ಕುರ್ಚಿಯಲ್ಲಿ ಪದ್ಮಜಾ ಬಂದು ಕೂತರು.

ಜಯದೇವಿ ಮಗ್ಗಕ್ಕೆ ಕೈಮುಗಿದು ಕೂತಳು. ಮೊದಲ ನಾಲ್ಕು ಎಳೆ ತಡವರಿಸಿದಳು. ಮುಂದೆ ಲಾಳಿ ತಾನಾಗಿ ಓಡತೊಡಗಿತು. ಸೀರೆಯ ಒಡಲಿನ ಎಳೆಗೂ ಸೆರಗಿನ ಎಳೆಗೂ ಒಂದೊಂದಾಗಿ ಕೊಂಡಿ ಹಾಕಿ ಜೋಡಿಸುವ ಇಳಕಲ್ಲಿನ ಕೈಚಳಕವನ್ನು ತೋರಿಸಿದಾಗ ಕುರ್ಚಿಯಲ್ಲಿದ್ದವರೆಲ್ಲ ಎದ್ದು ಸುತ್ತ ನಿಂತರು. ಇಂದುಮತಿ ಹಿಂದಿನಿಂದ "ಬಿಗಿ ಹಿಡಿ, ಬಿಗಿ ಹಿಡಿ" ಅನ್ನುತ್ತಲೇ ಕಣ್ಣೊರೆಸಿಕೊಂಡಳು. ಒಂಬತ್ತು ವರ್ಷ ತನಗೆ ರೊಟ್ಟಿ ಬಡಿದು ಹಾಕಿದ ಕೈಗಳಿಗೆ ಇದೂ ಬರುತ್ತದೆಯೇ ಎಂದು ಈರೇಶ ಒಮ್ಮೆಯೂ ಕೇಳಿರಲಿಲ್ಲ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆಮ್ಮೆಯಾಯಿತು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ.

ಅವನು ಇನ್ನೂ ತಟ್ಟುತ್ತಿರುವಾಗಲೇ ಮುದುಕಿ ಒಂದು ಹಾಳೆ ತೆಗೆದು ಗಟ್ಟಿಯಾಗಿ ಹೇಳಿದಳು: ಇವತ್ತಿನ ನೇಯ್ಗೆಯೇ ಪರೀಕ್ಷೆ, ಅದು ಮುಗಿಯಿತು, ಚಳಿಗಾಲದ ನೇಯ್ಗೆ ತರಗತಿಗೆ ಟೀಚರ್ ಸಿಕ್ಕಳು. ಮುಂದಿನ ವಾರದಿಂದ ಮಾರ್ಚ್ ಕೊನೆಯವರೆಗೆ, ಪ್ರತಿ ಶನಿವಾರ ಬೆಳಗ್ಗೆ ಹತ್ತಕ್ಕೆ. ಸೇರುವವರು ಹೆಸರು ಬರೆಸಬಹುದು. ಎಲ್ಲರಿಗಿಂತ ಮೊದಲು ಎದ್ದು ಹೆಸರು ಬರೆಸಿದವರು ಪದ್ಮಜಾ.

ಈರೇಶನ ಕೈಗಳು ಗಾಳಿಯಲ್ಲಿ ನಿಂತವು. ಜಯದೇವಿಗೆ ಲೈಸೆನ್ಸ್ ಇತ್ತು, ಹೈವೇಗೆ ಇಳಿಯುವ ಧೈರ್ಯ ಮಾತ್ರ ಇರಲಿಲ್ಲ. ಅವನು ಮೆಲ್ಲಗೆ ಮಗ್ಗದ ಹತ್ತಿರ ಹೋದ.

"ನನಗ ಒಂದು ಮಾತು ಹೇಳಬಾರದಿತ್ತೇನು?"

"ಆಗೂಕಿಂತ ಮೊದಲ ಹೇಳಿದ್ರ ಕೆಡತದ ಅಂದ್ಲು ಅವ್ವ." ಜಯದೇವಿ ಲಾಳಿ ಕೆಳಗಿಟ್ಟು, ಒಂಬತ್ತು ವರ್ಷದಲ್ಲಿ ಅವನು ನೋಡಿರದ ನಗು ನಕ್ಕಳು. "ಆಗಸ್ಟಿನಾಗ ಅವರು ಫೋನ್ ಮಾಡಿ, ಕಲಸ್ತೀಯೇನು ಅಂತ ಕೇಳಿದಾಗ ನನಗೂ ಹೆದರಿಕಿ ಇತ್ತು, ಇಪ್ಪತ್ತೆರಡು ಶನಿವಾರ ಯಾರು ಕರಕೊಂಡು ಬರ್ತಾರಂತ. ಆಮ್ಯಾಲೆ ನೀವ ಬಂದು, ಅಷ್ಟೂ ಶನಿವಾರ ಖಾಲಿ ಇಡ್ತೀನಿ ಅಂದ್ರಿ. ಹಿಂಗಾಗಿ ಧೈರ್ಯಾ ಮಾಡಿ ಒಪ್ಪಿಕೊಂಡ್ನಿ."